ಮೂರು ಪ್ರತಿಕ್ರಿಯೆಗೆ ಐದು ಅಂಕ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಜಗಲಿ ಅಕ್ಕ ಎಂದೇ ಕರೆಯುತ್ತಿದ್ದರು. ಜಗಲಿ ಎಂದರೆ ಕಲ್ಲುಮಣ್ಣಿನದಲ್ಲ, ಕಾಲೇಜಿನ ಅಂತರ್ಜಾಲ ತಾಣದ ಹೆಸರು. ಕಾಲೇಜಿನಲ್ಲಿ ಓದುವ ಯಾವ ವಿದ್ಯಾರ್ಥಿಯೇ ಆಗಲಿ ತನ್ನದೊಂದು ಪುಟ ತೆರೆದು ಮನಸ್ಸಿಗೆ ಬಂದದ್ದನ್ನು ಬರೆಯಬಹುದಿತ್ತು. ಯಾರು ಬೇಕಾದರೂ ಓದಿ, ಕೆಳಗೆ ತಮ್ಮ ಮಾತು ಸೇರಿಸಬಹುದಿತ್ತು. ಬರೆದದ್ದು ಬೇಡವೆನಿಸಿದರೆ ಅಕ್ಕನಿಗೆ ಒಂದು ಮಾತು ಹೇಳಿ ತೆಗೆಸಿಬಿಡಬಹುದಿತ್ತು. ಆ ಜಗಲಿಯನ್ನು ಗುಡಿಸಿ, ಸಾರಿಸಿ, ಬಂದವರನ್ನು ಕೂರಿಸುವ ಕೆಲಸ ಅವಳದು.

ಅವಳ ಕೋಣೆ ಗ್ರಂಥಾಲಯದ ಮೆಟ್ಟಿಲ ಕೆಳಗಿತ್ತು. ಒಂದು ಕಂಪ್ಯೂಟರು, ಒಂದು ಕಾಲಿಗೆ ರಟ್ಟು ಮಡಚಿಟ್ಟ ಮೇಜು, ಸ್ಕೂಟರ್ ಸ್ಟ್ಯಾಂಡಿಗೆ ತೆರೆಯುವ ಕಿಟಕಿ. ಇಡೀ ಕಟ್ಟಡದಲ್ಲಿ ಪ್ಲಗ್ಗುಗಳು ನೆಟ್ಟಗಿದ್ದದ್ದು ಅಲ್ಲಿ ಮಾತ್ರ. ಹಾಗಾಗಿ ಫೋನ್ ಚಾರ್ಜಿಗೆ ಹಾಕಲು ಬಂದವರು ಕೂರುತ್ತಿದ್ದರು, ಕೂತವರು ಮಾತಾಡುತ್ತಿದ್ದರು, ಮಾತಾಡಿದವರನ್ನು ಅವಳು ಬರೆಯಲು ಹಚ್ಚುತ್ತಿದ್ದಳು. ಮಕ್ಕಳ ಹತ್ತಿರ ಹರಟೆ ಹೊಡೆಯೋಕೂ ಸಂಬಳ ಕೊಡ್ತಾರೆ ಅನ್ನೋದಾದರೆ ತಾನೂ ಅರ್ಜಿ ಹಾಕುತ್ತೇನೆ, ತನಗೆ ಅನುಭವ ಜಾಸ್ತಿ ಎಂದು ಮನೆಯಲ್ಲಿ ಅತ್ತೆ ಹಂಗಿಸುತ್ತಿದ್ದರು. ಹಂಗಿಸುತ್ತಲೇ, ಎರಡೂವರೆ ವರ್ಷದ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಸೊಸೆಯನ್ನು ಕೆಲಸಕ್ಕೆ ಕಳಿಸುತ್ತಿದ್ದರು.

ಹರಟೆಯೇ ಆದರೂ ಅದಕ್ಕೊಂದು ಕ್ರಮವಿತ್ತು. ಯಾರಾದರೂ ಮೊದಲ ಸಲ ಬರೆದರೆ ಅದಕ್ಕೆ ಮೊದಲ ಉತ್ತರ ಇನ್ನೊಬ್ಬ ವಿದ್ಯಾರ್ಥಿಯಿಂದಲೇ ಬರಬೇಕು. ಮೇಷ್ಟರು ಬಾಯಿ ಹಾಕಿದರೆ ಮಕ್ಕಳು ಎದ್ದು ಹೋಗುತ್ತಾರೆ ಎಂಬುದನ್ನು ಅವಳು ಕಂಡುಕೊಂಡಿದ್ದಳು. ಉತ್ತರವೇ ಬಾರದಿದ್ದರೆ ಇನ್ನೂ ಕೆಟ್ಟದ್ದು. ನಮಸ್ಕಾರ ಎಂದಾಗ ಎದುರಿನವರು ಮುಖ ತಿರುಗಿಸಿದ ಹಾಗೆ. ಅದಕ್ಕೇ ಅವಳು ಹೊಸ ಬರಹ ಕಂಡ ಕೂಡಲೇ ಎದ್ದು, ಕ್ಯಾಂಟೀನು, ಪ್ರಯೋಗಾಲಯ, ಮೈದಾನವೆಲ್ಲ ಸುತ್ತಿ, ತಕ್ಕವರನ್ನು ಹಿಡಿಯುತ್ತಿದ್ದಳು. ಅವನು ಸೈಕಲ್ ಚೈನಿನ ಬಗ್ಗೆ ಬರೆದಿದ್ದಾನೆ, ನಿಂಗೆ ಆ ಕೆಲಸ ಬರುತ್ತಲ್ಲ, ಹೋಗಿ ಎರಡು ಮಾತು ಹೇಳು ಎಂದು ಬೆನ್ನು ಹತ್ತುತ್ತಿದ್ದಳು. ಹೀಗೆ ಒಬ್ಬರಿಗೊಬ್ಬರನ್ನು ಗಂಟುಹಾಕಿ ಹಾಕಿ ಐವತ್ತು ಅರವತ್ತು ಜನ ಜಗಲಿಗೆ ಕೂಡಿದ್ದರು.

ಐವತ್ತು ಅರವತ್ತು ಪ್ರಿನ್ಸಿಪಾಲರಿಗೆ ಸಾಲಲಿಲ್ಲ. ಅವರು ಕೆಟ್ಟವರಲ್ಲ. ಎದುರಾದವರ ಮನೆಮಂದಿಯನ್ನೆಲ್ಲ ವಿಚಾರಿಸುವ, ಯಾರಿಗೂ ಗಟ್ಟಿಯಾಗಿ ಬೈಯದ ಮನುಷ್ಯ. ಬೇರೆ ಕಾಲೇಜಿನ ಸಭೆಗೆ ಹೋಗಿ ಅಲ್ಲಿಯವರ ಏರುಮುಖದ ಗ್ರಾಫುಗಳನ್ನು ನೋಡಿ ಬಂದಿದ್ದರು. ಕಾಲೇಜಿಗೆ ದರ್ಜೆ ಕೊಡುವ ತಪಾಸಣಾ ತಂಡ ಬರುವುದರೊಳಗೆ ಜಗಲಿ ತುಂಬಿ ತುಳುಕಬೇಕು ಎಂದರು. ತಲೆಗೊಂದು ಬರಹ, ಮೂರು ಪ್ರತಿಕ್ರಿಯೆ ಕಡ್ಡಾಯ ಮಾಡಿ ಐದು ಅಂಕ ಇಡೋಣ ಎಂದು ಯಾರೋ ಮೇಷ್ಟರು ಸೂಚಿಸಿದರು. ನೀನೇನಂತೀಯಮ್ಮ ಎಂದು ಪ್ರಿನ್ಸಿಪಾಲರು ಅವಳ ಕಡೆ ತಿರುಗಿದಾಗ ಅವಳು ಹೂಂ ಎಂದು ತಲೆಯಾಡಿಸಿದಳು. ಎಳೆದು ತಂದರೂ ಒಮ್ಮೆ ಕೂತರೆ ರುಚಿ ಹತ್ತೀತು ಎಂದು ಅವಳು ನಿಜವಾಗಿಯೂ ನಂಬಿದ್ದಳು.

ರುಚಿ ಹತ್ತಿದ್ದು ಅಂಕಕ್ಕೆ. ವಾರ ಕಳೆಯುವುದರೊಳಗೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೇ ಪ್ರಬಂಧ ಹತ್ತು ಹೆಸರಿನಲ್ಲಿ ಬಂತು. ಕೆಳಗೆ ಎಲ್ಲೆಲ್ಲೂ ಅದದೇ: ‘ಉಪಯುಕ್ತ ಮಾಹಿತಿ’, ‘ಸೊಗಸಾಗಿದೆ’, ‘ಹೀಗೆಯೇ ಮುಂದುವರಿಯಲಿ’. ಗೇಟಿನೆದುರಿನ ಜೆರಾಕ್ಸ್ ಅಂಗಡಿಯವನು ಇಲ್ಲಿ ಪ್ರತಿಕ್ರಿಯೆ ಹಾಕಿಕೊಡಲಾಗುತ್ತದೆ ಎಂದು ರಟ್ಟಿನ ಬೋರ್ಡು ನೇತುಹಾಕಿದ. ಸೈಕಲ್ ಚೈನಿನ ಬಗ್ಗೆ ಬರೆದಿದ್ದ ಹುಡುಗನೂ ಅವನ ಗೆಳೆಯರೂ ಸದ್ದಿಲ್ಲದೆ ಎದ್ದು ಹೋದರು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಅವಳಿಗೆ ಊಟದ ನಡುವೆ ಬಾಯಿಗೆ ಕೂದಲು ಸಿಕ್ಕಿದಂತಾಗುತ್ತಿತ್ತು.

ಆ ಗದ್ದಲದ ನಡುವೆ ಒಬ್ಬಳು ಬರೆದಳು. ಮೊದಲ ವರ್ಷದ ಹುಡುಗಿ, ಫೋನ್ ಚಾರ್ಜಿಗೆ ಹಾಕಿ ಗೋಡೆ ನೋಡುತ್ತ ಕೂರುವವಳು. ರಜೆಯಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ತರಗತಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಹಳ ದಿನ ಪಕ್ಕದಲ್ಲಿ ಸುಮ್ಮನೆ ಕೂತ ಮೇಲೆ ಅಕ್ಕನಿಗೆ ಮಾತ್ರ ಹೇಳಿದ್ದಳು. ಬರೀ, ಇಲ್ಲಿ ಓದೋರು ಇದ್ದಾರೆ ಎಂದು ಅಕ್ಕನೇ ಅವಳನ್ನು ಒಪ್ಪಿಸಿದ್ದಳು.

ಅವಳು ಬರೆದದ್ದು ಇಷ್ಟೇ. ಅಮ್ಮ ಕಳಿಸುತ್ತಿದ್ದ ಧ್ವನಿ ಸಂದೇಶಗಳು ಫೋನಿನಲ್ಲಿವೆ. ಹೇಳುವುದು ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸಲು ಅಮ್ಮನಿಗೆ ಕೊನೆಗೂ ಬರಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿ ಫೋನನ್ನು ಅಲ್ಲೇ ಇಟ್ಟುಬಿಡುತ್ತಿದ್ದಳು. ಆಮೇಲೆ ನಲ್ಲಿಯ ಸದ್ದು, ಪಾತ್ರೆಯ ಸದ್ದು, ಪಕ್ಕದ ಮನೆಯವರೊಂದಿಗೆ ಮಾತು, ತನ್ನಷ್ಟಕ್ಕೆ ತಾನೇ ಗೊಣಗುವುದು. ‘ಆಗ ನಾನು ಅಷ್ಟು ಕೇಳದೆ ಮುಚ್ಚಿಬಿಡುತ್ತಿದ್ದೆ. ಈಗ ಅದನ್ನೇ ಕೇಳುತ್ತೇನೆ.’

ಅದು ಜಗಲಿಯ ಮೇಲೆ ಬಂದ ದಿನ ಅಕ್ಕ ಕೆಲಸಕ್ಕೆ ಬಂದಿರಲಿಲ್ಲ. ಮಗಳಿಗೆ ಜ್ವರ ಏರಿತ್ತು. ಒದ್ದೆಬಟ್ಟೆ ಬದಲಿಸುವುದರಲ್ಲೇ ಅವಳ ಎರಡು ದಿನ ಹೋದವು. ಮೊದಲ ಉತ್ತರಕ್ಕೆ ಯಾರನ್ನೂ ಹುಡುಕಿ ಕಳಿಸಲಾಗಲಿಲ್ಲ. ಅಂಕಕ್ಕೆ ಕೊನೆಯ ದಿನವೂ ಅದೇ ಆಗಿತ್ತು. ಮೇಲೆ ಯಾವ ಬರಹ ಕಂಡಿತೋ ಅದಕ್ಕೇ ಎಲ್ಲರೂ ಮುಗಿಬಿದ್ದಿದ್ದರು.

ಮೂರನೆಯ ದಿನ ಬಂದು ನೋಡಿದರೆ ಆ ಹುಡುಗಿಯ ಬರಹದ ಕೆಳಗೆ ಮುಗಿಯದ ಸಾಲು. ಉಪಯುಕ್ತ ಮಾಹಿತಿ. ಸೊಗಸಾಗಿದೆ. ತಾಂತ್ರಿಕ ವಿಷಯವನ್ನು ಸರಳವಾಗಿ ತಿಳಿಸಿದ್ದೀರಿ. ಒಬ್ಬ ಮೇಷ್ಟರು ಅಕ್ಷರದೋಷ ತಿದ್ದಿಕೊಳ್ಳಲು ಹೇಳಿದ್ದರು. ಎಲ್ಲಕ್ಕಿಂತ ಕೆಳಗೆ: ‘ತುಂಬಾ ಚೆನ್ನಾಗಿದೆ, ಮುಂದಿನ ಭಾಗಕ್ಕಾಗಿ ಕಾಯುತ್ತಿದ್ದೇನೆ.’

ಅಕ್ಕ ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದಳು. ಅಷ್ಟರಲ್ಲಿ ಆ ಹುಡುಗಿಯೇ ಬಾಗಿಲಲ್ಲಿ ನಿಂತಿದ್ದಳು. ಅತ್ತಂತೆ ಕಾಣಲಿಲ್ಲ.

“ಅದನ್ನ ತೆಗೆದುಬಿಡಿ ಅಕ್ಕ.”

“ಅವರು ಹಾಕಿರೋ ಕೊಳೇನ ನಾನು ಅಳಿಸ್ತೀನಿ ಕಣೆ. ನಿಂದು ಇರಲಿ.”

“ಅಳಿಸಿದ್ರೆ ಅವರ ಮಾರ್ಕ್ಸ್ ಹೋಗುತ್ತೆ. ಎಲ್ಲಾ ನಮ್ಮ ಕ್ಲಾಸಿನವರೇ. ನನ್ನಿಂದ ಹೋಯ್ತು ಅಂತಾರೆ. ಮುಂದಿನ ಭಾಗ ಅಂದಿರೋನು ನಮ್ಮ ಕ್ಲಾಸ್ ಲೀಡರ್. ದಿನಾ ನನ್ನ ಹಿಂದಿನ ಬೆಂಚಲ್ಲಿ ಕೂರ್ತಾನೆ. ಓದೋರು ಇದ್ದಾರೆ ಅಂದಿದ್ರಲ್ಲ ನೀವು.”

ಇವತ್ತೇ ತೆಗೆಯುತ್ತೇನೆ, ಯಾರ ಅಂಕವೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅಕ್ಕ ಮಾತು ಕೊಟ್ಟಳು.

ತೆಗೆಯುವ ಮೊದಲೇ ಪ್ರಿನ್ಸಿಪಾಲರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಅವರ ಮುಖ ಅರಳಿತ್ತು. ಮಗಳ ಜ್ವರ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು: ಜಗಲಿಯಲ್ಲೇ ಅತಿ ಹೆಚ್ಚು ಪ್ರತಿಕ್ರಿಯೆ ಬಂದ ಬರಹವೊಂದಿದೆಯಂತೆ, ನಾಳೆ ತಂಡಕ್ಕೆ ಅದನ್ನೇ ದೊಡ್ಡ ಪರದೆಯ ಮೇಲೆ ತೋರಿಸಬೇಕು. ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ.

“ಓದಿದ್ದೀರಾ ಸರ್?”

“ಎಲ್ಲಾನೂ ಓದೋಕಾಗುತ್ತೇನಮ್ಮ? ಆ ಸ್ಪಂದನೆ ನೋಡು.”

ಅವಳು ಫೋನು ತೆಗೆದು, ನಿಂತಲ್ಲೇ, ಆ ಹುಡುಗಿಯ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಹಾಜರಿ ಕರೆಯುವ ದನಿಯಲ್ಲಿ ಪ್ರತಿಕ್ರಿಯೆಗಳನ್ನೂ ಒಂದಾದ ಮೇಲೊಂದು ಓದಿದಳು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಾಪ ಎಂದರು. ತಮ್ಮ ತಾಯಿಯೂ ಹಾಗೆಯೇ ಇದ್ದರು ಎಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಒಂದು ಕ್ಷಣ ಅವಳಿಗೆ ಆಸೆ ಹುಟ್ಟಿತು.

“ಸರಿ, ಒಂದು ಕೆಲಸ ಮಾಡು,” ಅಂದರು ಅವರು. “ಬರೆದಿದ್ದನ್ನ ತೋರಿಸೋದು ಬೇಡ. ಹೆಡ್ಡಿಂಗು, ಕೆಳಗೆ ಎಷ್ಟು ಪ್ರತಿಕ್ರಿಯೆ ಬಂದಿದೆ ಅನ್ನೋದು, ಅಷ್ಟು ಮಾತ್ರ ತೋರಿಸೋಣ. ನಾಡಿದ್ದು ತೆಗೆದುಬಿಡು.”

ಆ ಒದ್ದೆ ಕಣ್ಣುಗಳನ್ನು ನೋಡುತ್ತಿದ್ದಂತೆ ಅವಳಿಗೆ ಮೈಮೇಲೆ ಹುಳ ಹರಿದಂತಾಯಿತು. ಅವಳಿಗೆ ಪ್ರತಿಕ್ರಿಯೆ ಹಾಕಿದ ಹುಡುಗರ ಮೇಲೂ ಇಷ್ಟು ಹೇಸಿಗೆ ಆಗಿರಲಿಲ್ಲ. ಅವರು ಓದಿರಲಿಲ್ಲ, ಇವರಾದರೋ ಕೇಳಿಸಿಕೊಂಡಿದ್ದರು. ಅಂಕ ಇಡೋಣ ಎಂದಾಗ ತಲೆಯಾಡಿಸಿದ ತನ್ನ ಕತ್ತಿನ ಮೇಲೂ ಹೇಸಿಗೆ ಬಂತು. ಆಗಲ್ಲ ಸರ್, ಬರೆದವಳು ಬೇಡ ಅಂದಿದ್ದಾಳೆ ಎಂದು ಹೇಳಿ, ಅವರು ಇನ್ನೇನೋ ಹೇಳುತ್ತಿರುವಾಗಲೇ ಹೊರಗೆ ಬಂದಳು.

ಕೋಣೆಗೆ ಬಂದವಳು ಮೊದಲು, ತಾನೇ ತುಂಬಬೇಕಿದ್ದ ಅಂಕಪಟ್ಟಿ ತೆಗೆದು, ಆ ತರಗತಿಯ ಪ್ರತಿಯೊಬ್ಬರ ಹೆಸರಿನ ಮುಂದೆ ಐದಕ್ಕೆ ಐದು ಹಾಕಿದಳು. ಬರೆದವರಿಗೂ ಬರೆಯದವರಿಗೂ ಒಂದೇ. ನಾಯಿಗೆ ಎಂಜಲು ಚೆಲ್ಲುವಾಗಲೂ ಅವಳ ಕೈ ಅಷ್ಟು ಒರಟಾಗಿರುತ್ತಿರಲಿಲ್ಲ. ಆಮೇಲೆ ಗ್ರಂಥಾಲಯದಲ್ಲಿದ್ದ ಕ್ಲಾಸ್ ಲೀಡರನ್ನು ಕರೆತಂದು ಪರದೆಯ ಮುಂದೆ ಕೂರಿಸಿದಳು. ಉದ್ದನೆಯ, ನಗುಮುಖದ ಹುಡುಗ, ಎಲ್ಲರಿಗೂ ಬೇಕಾದವನು.

“ನೀನು ಬರೆದದ್ದರ ಮೇಲೆ ಏನಿದೆ, ಓದು.”

ಅವನು ಓದಿದ. ಓದುತ್ತ ಓದುತ್ತ ಅವನ ಕಿವಿಗಳು ಕೆಂಪಾದವು. ತಾನು ನೋಡಿರಲೇ ಇಲ್ಲ, ಮೂರು ಹಾಕಬೇಕಿತ್ತು, ಜೆರಾಕ್ಸ್ ಅಂಗಡಿಯವನೇ ಹಾಕಿದ್ದು ಎಂದ.

“ಗೊತ್ತು,” ಎಂದಳು ಅಕ್ಕ. ಅವನೆದುರಿಗೇ ಬರಹವನ್ನೂ ಕೆಳಗಿನ ಸಾಲುಗಳನ್ನೂ ತೆಗೆದುಹಾಕಿದಳು.

ಮಾರನೆಯ ದಿನ ತಂಡ ಬಂತು. ನೀರಿನ ಟ್ಯಾಂಕು ತೊಳೆಯುವ ವಿಧಾನ ಎಂಬ ಬರಹಕ್ಕೆ ಬಂದ ಸ್ಪಂದನೆಯನ್ನು ನೋಡಿ ಮೆಚ್ಚಿ, ಟೀ ಕುಡಿದು ಹೋಯಿತು. ಪ್ರಿನ್ಸಿಪಾಲರು ಅವಳ ಮನೆಮಂದಿಯನ್ನು ವಿಚಾರಿಸುವುದನ್ನು ನಿಲ್ಲಿಸಿದರು. ಮುಂದಿನ ಅವಧಿಗೆ ಮೂರರ ಬದಲು ಐದು ಪ್ರತಿಕ್ರಿಯೆ ಎಂದು ಸುತ್ತೋಲೆ ಹೊರಟಿತು. ಈ ಸಲ ಅವಳನ್ನು ಯಾರೂ ಕೇಳಲಿಲ್ಲ.

ವಾರದ ನಂತರ ಆ ಹುಡುಗಿ ಫೋನ್ ಚಾರ್ಜಿಗೆ ಹಾಕಿ ಎಂದಿನಂತೆ ಕೂತಿದ್ದಾಗ ಕ್ಲಾಸ್ ಲೀಡರು ಬಂದ. ಒಳಗೆ ಬರಲೋ ಬೇಡವೋ ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

“ನಮ್ಮಮ್ಮನೂ ಹಂಗೇ,” ಎಂದ. “ಸುಮ್ ಸುಮ್ನೆ ಫೋನ್ ಮಾಡ್ತಾ ಇರ್ತಾರೆ. ನಾನು ಎತ್ತಲ್ಲ.”

ಇಷ್ಟು ದಿನ ಯೋಚಿಸಿ ಇವನಿಗೆ ಸಿಕ್ಕಿದ್ದು ಇದೇ ಮಾತೇ ಎಂದು ಅಕ್ಕನ ಕೈ ಕಪಾಳಕ್ಕೆ ಬಿಗಿಯಲು ತುರಿಸಿತು. ಹುಡುಗಿ ಗೋಡೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು.

“ಎತ್ತು,” ಎಂದಳು. “ಅವರೇ ಇಡೋ ತನಕ ನೀನು ಇಡಬೇಡ.”

ಅವನು ತಲೆ ತಗ್ಗಿಸಿ ಹೊರಟುಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು. ಮತ್ತೆ ಬರೀ ಎಂದು ಅಕ್ಕ ಹೇಳಲಿಲ್ಲ. ಹೇಳಲು ಅವಳಿಗೆ ಮುಖವಿರಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗಿಟ್ಟುಕೊಂಡು, ಇನ್ನೊಂದನ್ನು ಅಕ್ಕನ ಕಡೆ ಚಾಚಿದಳು. ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದನ್ನು ಕಿವಿಗಿಟ್ಟಳು. ಅಲ್ಲಿ ಯಾರೋ ನಲ್ಲಿ ತಿರುಗಿಸಿ, ಪಾತ್ರೆ ಬೋರಲು ಹಾಕುತ್ತಿದ್ದರು.