ಕಾಲು ಅಲುಗಿಸಿದ್ದು ನಾನು

ಇದಿನಬ್ಬ, ಆ ಟರ್ಕಿ ಕೋಳಿ ಸತ್ತಿತ್ತು. ನೀನು ದೇವರ ಹೆಸರು ಹೇಳಿ ಚೂರಿ ಇಡುವ ಮೊದಲೇ ಸತ್ತಿತ್ತು. ಅದರ ಕಾಲು ಅಲುಗಿದ್ದನ್ನು ನೀನು ನೋಡಿದೆ — ಅಲುಗಿಸಿದ್ದು ನನ್ನ ಕೈ.

ಇದನ್ನು ನೀನು ಓದುವುದಿಲ್ಲ. ಯಾರಾದರೂ ಓದಿ ಹೇಳಿದರೂ ಈಗ ನಿನ್ನ ತಲೆಗೆ ಹೋಗುವುದಿಲ್ಲ. ಪಾದ್ರಿಗಳ ಹತ್ತಿರ ಹೇಳಿಯಾಗಿದೆ. ಅವರು ಇಂತಿಷ್ಟು ಪ್ರಾರ್ಥನೆ ಮಾಡು ಎಂದರು, ಮಾಡಿದೆ. ಆದರೆ ಆ ಕೋಳಿ ತಿಂದದ್ದು ಪಾದ್ರಿಗಳಲ್ಲವಲ್ಲ.

ಬೇರೆಯವರು ಓದಿದರೆ ಅವರಿಗೂ ತಿಳಿಯಲಿ. ನಾವಿಬ್ಬರೂ ಬಹ್ರೇನಿನಲ್ಲಿ ಒಬ್ಬನೇ ಅರ್ಬಾಬನ, ಅಂದರೆ ಅರಬಿ ಧಣಿಯ, ಕೆಳಗೆ ಕೆಲಸಕ್ಕಿದ್ದೆವು. ರಿಫಾ ಪಟ್ಟಣದ ಅವನ ಮನೆಯಲ್ಲಿ ನಾನು ಅಡುಗೆಯವಳು. ಊರ ಹೊರಗಿನ ಖರ್ಜೂರದ ತೋಟಕ್ಕೆ ನೀನು ಕಾವಲುಗಾರ. ನಾನು ಮಂಗಳೂರು ಕಡೆಯ ಕ್ರಿಶ್ಚಿಯನ್, ನೀನು ಉಳ್ಳಾಲ ಕಡೆಯ ಬ್ಯಾರಿ. ನನ್ನನ್ನು ನೀನು ಕರೆಯುತ್ತಿದ್ದದ್ದು ಬಾಯಮ್ಮ ಎಂದು. ಅರ್ಬಾಬ ಯಾವ ಕಾಲದಲ್ಲೋ ತಂದ ಟರ್ಕಿ ಕೋಳಿಗಳು ಗೂಡು ಮುರಿದು ಹೋಗಿ, ತೋಟದ ಪೊದೆಯಲ್ಲೇ ಮರಿ ಮಾಡಿ, ಪೂರಾ ಕಾಡಿನವಾಗಿದ್ದವು. ಹೆಜ್ಜೆ ಸದ್ದು ಕೇಳಿದರೆ ಸಾಕು, ಮರ ಹತ್ತುತ್ತಿದ್ದವು. ಕೋವಿ ಹಿಡಿಯಲು ಅಲ್ಲಿ ಅಪ್ಪಣೆ ಇಲ್ಲ.

ಅರ್ಬಾಬನ ಮನೆಗೆ ಬೀಗರು ಊಟಕ್ಕೆ ಬರುವವರಿದ್ದರು. ಆ ಕಾಡು ಟರ್ಕಿಯನ್ನೇ ಬಡಿಸಬೇಕೆಂದು ಅವನಿಗೆ ಆಸೆ. ಯಾರೂ ಕೇಳದೆ ನಾನೇ ಬಾಯಿ ಹಾಕಿದೆ — ಶಮಾಲ್ ಗಾಳಿ ಬೀಸಲಿ, ನಾನು ಹಿಡಿದು ಕೊಡುತ್ತೇನೆ ಎಂದೆ. ಚಿಕ್ಕಂದಿನಲ್ಲಿ ಗುಡ್ಡೆಯಲ್ಲಿ ಅಪ್ಪನ ಜೊತೆ ಕಾಡುಕೋಳಿಗೆ ಉರುಳು ಹಾಕಿದವಳು ನಾನು. ಗಾಳಿ ಜೋರಿದ್ದರೆ ಹಕ್ಕಿಗೆ ಕಿವಿ ಕೇಳಿಸುವುದಿಲ್ಲ. ಮರೆ ಹುಡುಕಿ ತಲೆ ತಗ್ಗಿಸಿ ಕೂರುತ್ತದೆ. ಗಾಳಿಗೆ ಎದುರಾಗಿ ಹೋದರೆ ಬೆನ್ನ ಹಿಂದೆ ನಿಂತರೂ ತಿಳಿಯದು.

ನೀನು ನಕ್ಕೆ. “ಬಾಯಮ್ಮ, ಈ ಗಾಳಿ ನಿನ್ನನ್ನೇ ಹೊತ್ತುಕೊಂಡು ಹೋದೀತು. ಮತ್ತೆ ನಿನ್ನನ್ನು ಹಿಡಿಯಲಿಕ್ಕೆ ನಾನು ಉರುಳು ಹಾಕಬೇಕು.”

“ನೀನು ಚೂರಿ ಮಸೆ ಮಾರಾಯ, ಅಷ್ಟು ಸಾಕು.”

ಹಿಡಿಯುವವರು ಯಾರೇ ಇರಲಿ, ಕೊಯ್ಯುವವನು ನೀನು. ನೀನು ಕೊಯ್ಯದ ಕೋಳಿ ಆ ಮನೆಯ ಒಲೆಗೆ ಏರುತ್ತಿರಲಿಲ್ಲ. ಕೊಯ್ಯುವಾಗ ಜೀವ ಇರಬೇಕು, ಇಲ್ಲದಿದ್ದರೆ ನಿಮಗೆ ಹರಾಮು. ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಮರಳು ಹಲ್ಲಿನ ಸಂದಿಗೆ ಬರುವಂಥ ಗಾಳಿ ಅವತ್ತು. ಗೋಡೆಯ ಮರೆಯಲ್ಲಿ ಕೋಳಿಗಳು ಒತ್ತಾಗಿ ಕೂತಿದ್ದವು. ಖರ್ಜೂರದ ದಂಟಿಗೆ ಮೀನು ಹಿಡಿಯುವ ನೂಲು ಕಟ್ಟಿ ಮಾಡಿದ ಉರುಳನ್ನು ದೊಡ್ಡದೊಂದು ಹುಂಜದ ಕೊರಳಿಗೆ ಹಾಕಿ ಎಳೆದೆ. ನಿನ್ನನ್ನು ಕೂಗಿದೆ. ನೀನು ಗೇಟಿನ ಹತ್ತಿರ ಚೂರಿ ಹಿಡಿದು ನಿಂತಿದ್ದೆ. ಹಕ್ಕಿಯ ಕಿವಿ ಮುಚ್ಚಿದ ಗಾಳಿ ನಿನ್ನ ಕಿವಿಯನ್ನೂ ಮುಚ್ಚಿತ್ತು — ಅದೊಂದು ನನಗೆ ಹೊಳೆದಿರಲಿಲ್ಲ. ಸಡಿಲ ಬಿಟ್ಟರೆ ಓಡುತ್ತದೆ. ಬಿಗಿ ಹಿಡಿದೆ. ಅದರ ಮೇಲೆಯೇ ಕೂತೆ. ಕೂಗಿದೆ, ಕೂಗಿದೆ. ನನ್ನ ಕೆಳಗೆ ಅದು ಒದ್ದಾಡಿ, ಒದ್ದಾಡಿ — ನಿಂತಿತು.

ಆಮೇಲೆ ನೀನು ಓಡಿ ಬರುವುದು ಕಾಣಿಸಿತು.

ಸತ್ತಿತು ಎನ್ನಬಹುದಿತ್ತು. ಗಾಳಿ ಇನ್ನೂ ಇತ್ತು, ಚದುರಿದ ಕೋಳಿಗಳು ಮುಂದಿನ ಪೊದೆಯಲ್ಲೇ ಇದ್ದವು, ಇನ್ನೊಂದು ಹಿಡಿಯಬಹುದಿತ್ತು. ಸೋತೆ ಎಂದು ನಿನ್ನ ಮುಂದೆ ಹೇಳಲು ಮನಸ್ಸಾಗಲಿಲ್ಲ. ಅಷ್ಟೇ. ಬೇರೆ ಕಾರಣ ಹುಡುಕಿದ್ದೇನೆ, ಇಲ್ಲ.

ಕೋಳಿಯನ್ನು ತೊಡೆಗೆ ಒತ್ತಿಕೊಂಡು, ಸೆರಗಿನ ಅಡಿಯಿಂದ ಅದರ ಕಾಲು ಹಿಡಿದೆ.

“ಜೀವ ಉಂಟಾ?”

“ಉಂಟು. ಕಾಣುವುದಿಲ್ಲವಾ?” ಎಂದು ಕಾಲು ಅಲುಗಿಸಿದೆ.

ನೀನು ಬಿಸ್ಮಿಲ್ಲಾ ಎಂದೆ, ಕೊಯ್ದೆ. ರಕ್ತ ಚಿಮ್ಮಲಿಲ್ಲ, ಸೋರಿತು. “ಇದೆಂತ ಬಾಯಮ್ಮ, ರಕ್ತವೇ ಇಲ್ಲ?” ಎಂದೆ. “ಗಾಳಿಗೆ ಹೆದರಿ ಒಣಗಿದೆ” ಎಂದೆ ನಾನು. ನೀನು ನನ್ನ ಮುಖ ನೋಡಿದೆ. ಚೂರಿಯನ್ನು ಒರೆಸಿಕೊಂಡೆ. ನನ್ನನ್ನು ನಂಬಿದೆ.

ಬೀಗರು ಬೆರಳು ಚೀಪಿದರು. ನಿನಗೆ ನಾನೇ ತೊಡೆಯ ತುಂಡು ಇಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಕೂತು ನೀನು ಮೂಳೆಯನ್ನೂ ಬಿಡದೆ ತಿಂದೆ. ಹೊರಗೆ ಹೊಟೇಲಿಗೆ ಹೋದರೆ, ಹೇಗೆ ಕೊಯ್ದದ್ದೋ ಎಂದು, ಮೀನು ಬಿಟ್ಟು ಬೇರೆ ಮುಟ್ಟದ ಮನುಷ್ಯ ನೀನು. ಎಲ್ಲರ ಹತ್ತಿರ ಹೇಳುತ್ತಿದ್ದೆ — ಬಾಯಮ್ಮ ಮಾಡಿದ್ದಾದರೆ ಕೇಳುವುದೇ ಬೇಡ. ಆ ಮಾತಿಗೆ ನಾನು ನಕ್ಕು ಸಾರು ಬಡಿಸಿದ್ದೇನೆ. ನೀನು ಊರಿಗೆ ಹೊರಟ ದಿನ ದಾರಿಗೆ ಕೋಳಿ ಸುಕ್ಕ ಕಟ್ಟಿಕೊಟ್ಟೆ. ಆಗಲೂ ಹೇಳಲಿಲ್ಲ. ನಿನಗೆ ನೆನಪು ಗಟ್ಟಿ ಇದ್ದಾಗ ಹೇಳಿದ್ದರೆ ನೀನು ಬೈಯಬಹುದಿತ್ತು, ಉಗಿಯಬಹುದಿತ್ತು, ಕ್ಷಮಿಸಲೂಬಹುದಿತ್ತು —

ಈಗ ನಾನು ರಿಫಾದಲ್ಲೇ ಮಗಳ ಫ್ಲಾಟಿನಲ್ಲಿದ್ದೇನೆ. ಅವಳು ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಊರಿನಿಂದ ನಿನ್ನ ಮಗಳು ನಸೀಮಾ ಫೋನು ಮಾಡುತ್ತಾಳೆ. ನೀನು ಮಕ್ಕಳ ಹೆಸರು ಮರೆತಿದ್ದೀಯಂತೆ. ಹೆಂಡತಿಯನ್ನು ನೋಡಿ ಇದು ಯಾರು ಎನ್ನುತ್ತೀಯಂತೆ. ತಟ್ಟೆ ಇಟ್ಟರೆ ಮಾತ್ರ, ಬಾಯಮ್ಮ ಮಾಡಿದ್ದಾ ಎಂದು ಕೇಳುತ್ತೀಯಂತೆ. ಅಲ್ಲ ಎಂದರೆ ತಟ್ಟೆ ದೂಡುತ್ತೀ.

“ನಾನೇ ಮಾಡಿದ್ದು ಅಂತ ಒಂದು ಮಾತು ಹೇಳಿ ಆಂಟಿ,” ಎನ್ನುತ್ತಾಳೆ ನಸೀಮಾ. “ನಿಮ್ಮ ಸ್ವರ ಕೇಳದೆ ಉಣ್ಣುವುದೇ ಇಲ್ಲ.”

ಒಮ್ಮೆ ಧೈರ್ಯ ಮಾಡಿದೆ. ಇದಿನಬ್ಬ, ಆ ಕೋಳಿ ಸತ್ತದ್ದಾಗಿತ್ತು ಎಂದೆ. ಯಾವ ಕೋಳಿ ಎಂದು ನಿನಗೆ ತಿಳಿಯಲಿಲ್ಲ. ಸತ್ತದ್ದು ಎಂಬುದೊಂದು ತಿಳಿಯಿತು. ಅವತ್ತು ನೀನು ತುತ್ತು ಮುಟ್ಟಲಿಲ್ಲ, ಮರುದಿನವೂ ಇಲ್ಲ. ನಸೀಮಾ ಅತ್ತಳು. ಆಮೇಲೆ ಆ ಮಾತು ಎತ್ತಿಲ್ಲ.

ಇವತ್ತೂ ಫೋನು ಬಂತು. ಹೊರಗೆ ಶಮಾಲ್ ಬೀಸುತ್ತಿತ್ತು, ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ನಾನೇ ಮಾಡಿದ್ದು, ಉಣ್ಣು ಎಂದೆ.

“ಕೊಯ್ಯುವಾಗ ಜೀವ ಇತ್ತಾ ಬಾಯಮ್ಮ?”

“ಇತ್ತು” ಎಂದೆ.

ನೀನು ಅಗಿಯುವ ಸದ್ದು ಕೇಳಿಸಿತು. ನಾಳೆಯೂ ಕೇಳುತ್ತೀ. ನಾಳೆಯೂ ಅದನ್ನೇ ಹೇಳುತ್ತೇನೆ.