ಟೋಕಿಯೋ ರೈಲಿನಲ್ಲಿ ಉಳಿದ ತಾಂಬೂಲದ ಚೀಲ

ಆ ಚೀಲವನ್ನು ರೈಲಿನಲ್ಲಿ ಬಿಟ್ಟವಳು ನಾನು. ನೀವಲ್ಲ.

ಇಷ್ಟು ಬರೆಯುವುದಕ್ಕೆ ಎಂಟು ವರ್ಷ ಬೇಕಾಯಿತು. ಬರೆದ ಮೇಲೆ ಏನಾದರೂ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದಾರೆ. ಕುಕ್ಕರ್ ಎರಡು ಸಲ ಕೂಗಿದೆ, ಮೂರನೆಯದಕ್ಕೆ ಕಾಯುತ್ತಿದ್ದೇನೆ. ನನ್ನ ಶಾಲೆಗೆ ಟರ್ಮ್ ರಜೆ. ನೀವು ಮನುಕಾವ್‌ನ ಗೋದಾಮಿನಿಂದ ಮನೆಗೆ ಬರಲು ಇನ್ನೂ ಮೂರು ಗಂಟೆ ಇದೆ.

ಯಾವ ಚೀಲ ಅಂತ ನೀವು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ‘ಆ ಚೀಲ’ ಅಂದರೆ ಅದೊಂದೇ. ಆದರೂ ಮೊದಲಿನಿಂದ ಹೇಳುತ್ತೇನೆ. ಐದು ವರ್ಷದ ಮಕ್ಕಳಿಗೆ ಪಾಠ ಹೇಳಿ ಹೇಳಿ ಅಭ್ಯಾಸವಾಗಿದೆ ನೋಡಿ, ಮೊದಲಿನಿಂದ ಹೇಳದಿದ್ದರೆ ನನಗೇ ಸರಿಯಾಗುವುದಿಲ್ಲ.

ಆ ಜುಲೈನಲ್ಲಿ ಹಟ ಹಿಡಿದವಳು ನಾನೇ. ಮೈಸೂರು ಬಿಟ್ಟು ಆಕ್ಲೆಂಡಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ರಜೆ ಸಿಕ್ಕಾಗಲೆಲ್ಲ ಮೈಸೂರೇ. ‘ಒಂದು ಸಲವಾದರೂ ಮದುವೆ, ಗೃಹಪ್ರವೇಶ, ತಿಥಿ ಯಾವುದೂ ಇಲ್ಲದ ಊರಿಗೆ ಹೋಗೋಣ’ ಅಂದೆ. ನೀವು ನಕ್ಕು, ‘ಅಂಥ ಊರು ಟೋಕಿಯೋ ಒಂದೇ’ ಅಂದಿರಿ. ನೀವು ಮನುಕಾವ್‌ನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ನಾನು ಬಾಟನಿ ಡೌನ್ಸ್ ಬಡಾವಣೆಯ ಹತ್ತಿರ ಪ್ರೈಮರಿ ಟೀಚರು. ನಮ್ಮ ಕನ್ನಡದವರ ಕೂಟದಲ್ಲಿ ಸಾಫ್ಟ್‌ವೇರಿನವರೆಲ್ಲ ‘ಮೇಷ್ಟ್ರುಗಳಿಗೆ ವರ್ಷವೆಲ್ಲಾ ರಜ’ ಅಂತ ರೇಗಿಸುತ್ತಿದ್ದರು. ಆ ರಜೆಯಲ್ಲಿ ಮೇಷ್ಟ್ರುಗಳು ಏನು ಹೊತ್ತುಕೊಂಡು ಹೋಗುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ.

ನೀವು ಹೊತ್ತದ್ದು ಇಪ್ಪತ್ತೆಂಟು ಮಕ್ಕಳ ಪೇಪರು. ಪರೀಕ್ಷೆಯ ಪೇಪರಲ್ಲ, ಒಂದು ಟರ್ಮಿಡೀ ಅವರು ಲೆಕ್ಕ ಹಾಕಿ, ನಕ್ಷೆ ಬರೆದು, ಕೈಯಿಂದ ಬರೆದು ಕೊಟ್ಟ ವರದಿಗಳು. ಕಾಪಿ ಇಲ್ಲ. ಶಾಲೆ ತೆರೆದ ವಾರವೇ ಗ್ರೇಡು ಕೊಡಬೇಕು. ಅವನ್ನು ನಿಮ್ಮ ತಂಗಿಯ ಮಗಳ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲಕ್ಕೆ ತುಂಬಿದ್ದಿರಿ. ಹಳದಿ ಬಟ್ಟೆ, ಮೇಲೆ ಕೆಂಪು ಗಣಪತಿ, ಕೆಳಗೆ ವಧೂವರರ ಹೆಸರು. ತೆಂಗಿನಕಾಯಿಗೆ ಅಂತ ಹೊಲಿಸಿದ ಚೀಲದಲ್ಲಿ ಮನುಕಾವ್‌ನ ಮಕ್ಕಳ ಭವಿಷ್ಯ ಅಂತ ನಾನೇ ತಮಾಷೆ ಮಾಡಿದ್ದೆ.

ಟೋಕಿಯೋದಲ್ಲಿ ನಮಗದು ಐದನೆಯ ದಿನ. ಬೆಳಗ್ಗೆ ಹೋಟೆಲಿನಲ್ಲೇ ಜಗಳ. ಚೀಲ ರೂಮಿನಲ್ಲಿರಲಿ ಅಂದೆ. ರೈಲಿನಲ್ಲಿ ಕೂತಾಗ ನಾಲ್ಕು ಪೇಪರು ನೋಡಬಹುದು ಅಂದಿರಿ. ಇದು ನನ್ನ ಜೊತೆ ಬಂದ ಪ್ರವಾಸವೋ ಗಣಪತಿಯ ಜೊತೆ ಬಂದದ್ದೋ ಅಂದೆ. ನೀವು ಚೀಲ ಹೆಗಲಿಗೆ ಹಾಕಿಕೊಂಡಿರಿ.

ಮಧ್ಯಾಹ್ನ ಆ ಸಣ್ಣ ಅಂಗಡಿಯಲ್ಲಿ ಊಟ. ನೀವು ಕಾಗದದ ಮೇಲೆ ಮೀನಿನ ಚಿತ್ರ ಬರೆದು, ಅದರ ಮೇಲೆ ಇಂಟು ಹೊಡೆದು ತೋರಿಸಿದಿರಿ. ಅಂಗಡಿಯ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಅನ್ನ, ಸೊಪ್ಪು, ತೋಫು ತಂದಿಟ್ಟಳು. ಆಮೇಲೆ ರೈಲು. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಒಂದು ಪೇಪರು ತೆಗೆದಿರಿ, ಮತ್ತೆ ಒಳಗಿಟ್ಟಿರಿ, ಹಾಗೆಯೇ ನಿದ್ದೆ ಹೋದಿರಿ. ಚೀಲ ಮೆಲ್ಲಗೆ ಜಾರಿ ಕೆಳಗೆ ಬಂತು. ನಿಮ್ಮ ಶೂಗಳ ಮಧ್ಯೆ ನಿಂತಿತು.

ಅಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು. ಏಳುವಾಗ ಕಾಲಿಗೆ ಸಿಕ್ಕುತ್ತಿತ್ತು.

ಆದರೆ ಅದು ಮಕ್ಕಳು ಬರೆದ ಕಾಗದ. ಕಾಲಿಗೆ ತಾಗಬಾರದು. ಚಿಕ್ಕಂದಿನಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಅಮ್ಮ ಬೆನ್ನಿಗೊಂದು ಕೊಡುತ್ತಿದ್ದಳು. ನಾನು ಬಗ್ಗಿ ಚೀಲ ಎತ್ತಿಕೊಂಡೆ, ಎರಡು ಕಣ್ಣಿಗೂ ಒತ್ತಿಕೊಂಡೆ, ಎದ್ದು ನಿಂತು ತಲೆಯ ಮೇಲಿನ ಸಾಮಾನಿನ ಹಲಗೆಯ ಮೇಲಿಟ್ಟೆ. ಎದುರಿಗೆ ಕೂತಿದ್ದ ಹೆಂಗಸು ನೋಡುತ್ತಿದ್ದಳು. ಬೆಳಗ್ಗಿನ ಜಗಳ ಅಷ್ಟರಲ್ಲಿ ಮರೆತೇಹೋಗಿತ್ತು. ನೀವು ಬಾಯಿ ಸ್ವಲ್ಪ ತೆರೆದು ಮಲಗಿದ್ದಿರಿ. ನನಗೆ ನಿಮ್ಮ ಮೇಲೆ ಪ್ರೀತಿ ಬಂದಿತ್ತು — ಇದನ್ನು ಯಾಕೆ ಬರೆಯುತ್ತಿದ್ದೇನೋ.

ಸ್ಟೇಷನ್ನು ಬಂದದ್ದು ಬಾಗಿಲು ತೆರೆದ ಮೇಲೆ ಗೊತ್ತಾಯಿತು. ‘ಏಳಿ, ಏಳಿ’ ಅಂತ ತೋಳು ಹಿಡಿದು ಎಳೆದೆ. ನೀವು ಅರೆನಿದ್ದೆಯಲ್ಲಿ ಇಳಿದಿರಿ. ರೈಲು ಹೋಯಿತು. ಟಿಕೆಟಿನ ಗೇಟಿನ ಹತ್ತಿರ ನೀವು ಹೆಗಲು ಮುಟ್ಟಿಕೊಂಡಿರಿ, ಸೊಂಟ ಮುಟ್ಟಿಕೊಂಡಿರಿ.

“ಪದ್ದು, ಚೀಲ?”

ಆ ಕ್ಷಣವೇ ನನಗೆ ನೆನಪಾಯಿತು. ಆಮೇಲಲ್ಲ, ಹೋಟೆಲಿಗೆ ಹೋದ ಮೇಲಲ್ಲ, ಅಲ್ಲೇ ಆಗಲೇ. ಹಲಗೆಯ ಮೇಲಿನ ಹಳದಿ ಚೀಲ ಕಣ್ಣ ಮುಂದೆ ಬಂತು. ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ ಮಾತು.

“ರೈಲು ಹತ್ತೋವಾಗ್ಲೇ ನಿಮ್ ಕೈಲಿ ಚೀಲ ಇರ್ಲಿಲ್ಲ ಕಣ್ರೀ. ಊಟದ ಅಂಗಡೀಲೇ ಬಿಟ್ಟಿರ್ತೀರ.”

“ಇಲ್ವಲ್ಲ… ತೊಡೆ ಮೇಲಿತ್ತಲ್ಲ? ಒಂದು ಪೇಪರ್ ತೆಗ್ದಿದ್ದೆ ಅನ್ಸುತ್ತೆ…”

“ಕನಸು ಬಿತ್ತೇನೋ. ನೀವೂ ಮಾವನವರ ಥರಾನೇ ಆಗ್ತಿದೀರಿ.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಮಾವನವರು ಮೂವತ್ತೈದು ವರ್ಷ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ ಇದ್ದವರು. ಕೊನೆಗೆ ಹೆತ್ತ ಮಗನನ್ನೇ ‘ಯಾರ ಮನೆ ಹುಡುಗನಪ್ಪ ನೀನು?’ ಅಂತ ಕೇಳಿದವರು. ಅವತ್ತು ನೀವು ಹಿತ್ತಿಲಿಗೆ ಹೋಗಿ ನಿಂತದ್ದನ್ನು ನೋಡಿದವಳು ನಾನೊಬ್ಬಳೇ. ನಿಮಗೆ ಯಾವುದರ ಭಯ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ನಿಮ್ಮ ಮುಖದಲ್ಲಿ ಏನೋ ಆರಿಹೋಯಿತು. ನೀವು ಸೀದಾ ಸ್ಟೇಷನ್ನಿನ ಕಚೇರಿಗೆ ನಡೆದಿರಿ. ಸ್ಟೇಷನ್ನಿನವನು ಫಾರಂ ತೆಗೆದು, ಪೆನ್ನು ಹಿಡಿದು, ಒಂದೊಂದೇ ಇಂಗ್ಲಿಷ್ ಪದ ಜೋಡಿಸಿ ಯಾವ ರೈಲು, ಎಷ್ಟನೇ ಬೋಗಿ ಅಂತ ಕೇಳಿದ. ನೀವೇ ‘ರೈಲಲ್ಲ, ಊಟದ ಅಂಗಡಿ’ ಅಂದಿರಿ. ಅವನು ಫಾರಂ ಮಡಚಿ ಒಳಗಿಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ.

ಅಂಗಡಿಗೆ ವಾಪಸ್ಸು ಹೋದೆವು. ಆ ಅಜ್ಜಿ ಒಂದೊಂದು ಕುರ್ಚಿಯನ್ನೂ ಎಳೆದು ನೋಡಿದಳು, ಅಡುಗೆಮನೆಯಲ್ಲಿ ನೋಡಿದಳು, ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಕೊನೆಗೆ ನಮ್ಮ ಮುಂದೆ ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ತನ್ನ ಅಂಗಡಿಯಲ್ಲಿ ಕಳೆಯದೇ ಇದ್ದ ವಸ್ತುವಿಗೆ.

ಇನ್ನೂ ಒಂದಿದೆ. ಎರಡು ದಿನದ ಮೇಲೆ ಆಕ್ಲೆಂಡಿನಲ್ಲೇ ಉಳಿದಿದ್ದ ಮಗಳಿಗೆ ಏನಾದರೂ ಕೊಳ್ಳುತ್ತೇನೆ ಅಂತ ಒಬ್ಬಳೇ ಹೋಗಿದ್ದೆನಲ್ಲ? ಅಂಗಡಿಗೆ ಹೋಗಲಿಲ್ಲ. ದೊಡ್ಡ ಸ್ಟೇಷನ್ನಿನಲ್ಲಿ ಕಳೆದ ಸಾಮಾನು ಕೊಡುವ ಕೌಂಟರಿಗೆ ಹೋದೆ. ಆ ಊರಿನಲ್ಲಿ ಕಳೆದ ಕೊಡೆಯೂ ವಾಪಸ್ಸು ಬರುತ್ತದೆ ಅಂತ ಎಲ್ಲರೂ ಹೇಳಿದ್ದರು. ಕ್ಯೂನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಹಿಂದಿನ ಕಪಾಟುಗಳಲ್ಲಿ ಸಾಲು ಸಾಲು ಚೀಲಗಳು, ಪ್ರತಿಯೊಂದಕ್ಕೂ ಚೀಟಿ ಕಟ್ಟಿತ್ತು. ಹಳದಿ ಬಣ್ಣ ಕಂಡ ಹಾಗಾಯಿತು. ಕಂಡಿತೋ, ಭ್ರಮೆಯೋ — ಇಂದಿಗೂ ಹೇಳಲಾರೆ. ನನ್ನ ಮುಂದೆ ಒಬ್ಬರೇ ಉಳಿದಾಗ ಕ್ಯೂ ಬಿಟ್ಟು ಹೊರಗೆ ಬಂದೆ. ಚೀಲ ಸಿಕ್ಕಿದ್ದರೆ ನಾನೂ ಸಿಕ್ಕಿಬೀಳುತ್ತಿದ್ದೆ. ಸ್ಟೇಷನ್ನಿನಲ್ಲೇ ಒಂದು ಕರವಸ್ತ್ರ ಕೊಂಡು ಬಂದೆ.

ನಾನು ಬರುವಷ್ಟರಲ್ಲಿ ನೀವು ಹೋಟೆಲಿನ ಕೆಳಗಿನ ಅಂಗಡಿಯಿಂದ ಒಂದು ಪುಟ್ಟ ನೋಟ್‌ಬುಕ್ ತಂದು ಬರೆಯುತ್ತಾ ಕೂತಿದ್ದಿರಿ. ‘ಇನ್ಮೇಲೆ ಎಲ್ಲಾ ಬರೆದಿಡ್ತೀನಿ ಪದ್ದು’ ಅಂದಿರಿ. ಮಗುವಿನ ಹಾಗೆ ಅಂದಿರಿ.

ವಾಪಸ್ಸು ಬಂದ ಮೇಲೆ ನಿಮ್ಮ ಪ್ರಿನ್ಸಿಪಾಲರು ‘ಇಟ್ ಹ್ಯಾಪನ್ಸ್, ಮೇಟ್’ ಅಂದರಂತೆ. ಇಪ್ಪತ್ತೆಂಟು ಮಕ್ಕಳೂ ಮತ್ತೆ ಬರೆದರು. ಅವರೆಲ್ಲ ನಿಮ್ಮನ್ನು ಕ್ಷಮಿಸಿದರು. ಕ್ಷಮಿಸದವರು ನೀವೊಬ್ಬರೇ. ಮೊದಲನೆಯ ದಿನ, ಮೊದಲನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ಮೂವತ್ತು ಮಕ್ಕಳ ಹೆಸರೂ ಬಾಯಿಗೆ ಬರುತ್ತಿದ್ದ ಮನುಷ್ಯ ನೀವು. ಟೋಂಗಾದ ಹೆಸರು, ಸಮೋವಾದ ಹೆಸರು, ಮಾವೋರಿ ಹೆಸರು, ಒಂದಕ್ಷರ ತಪ್ಪದೆ. ‘ಮಿಸ್ಟರ್ ಮೂರ್ತಿ ನಮ್ಮ ಹೆಸರು ನಮ್ಮಜ್ಜಿ ಕರೆದ ಹಾಗೆ ಕರೀತಾರೆ’ ಅಂತ ಒಬ್ಬ ಹುಡುಗಿ ಕಾರ್ಡಿನಲ್ಲಿ ಬರೆದುಕೊಟ್ಟಿದ್ದಳು. ಮುಂದಿನ ಫೆಬ್ರವರಿಯಲ್ಲಿ ಹೊಸ ಶಾಲಾವರ್ಷ ಶುರುವಾದಾಗ ನೀವು ಹೆಸರಿನ ಪಟ್ಟಿ ಕೈಯಲ್ಲಿ ಹಿಡಿದು ಕ್ಲಾಸಿಗೆ ಹೋದಿರಿ. ಗಣಿತ ವಿಭಾಗದ ಮುಖ್ಯಸ್ಥರ ಕೆಲಸಕ್ಕೆ ಹಾಕಿದ್ದ ಅರ್ಜಿ ವಾಪಸ್ಸು ತೆಗೆದುಕೊಂಡಿರಿ. ಎರಡು ವರ್ಷದ ಮೇಲೆ ಪಾಠವನ್ನೇ ಬಿಟ್ಟಿರಿ. ಗೋದಾಮಿನಲ್ಲಿ ಪ್ರತಿ ಪೆಟ್ಟಿಗೆಗೂ ಬಾರ್‌ಕೋಡ್ ಇದೆ, ‘ಇಲ್ಲಿ ನೆನಪಿಡೋ ಕೆಲಸ ಇಲ್ಲ, ಆರಾಮ’ ಅಂದಿರಿ. ನಾನು ಒಳ್ಳೆಯದೇ ಆಯಿತು ಅಂದೆ.

ಮಗಳು ನಿಮ್ಮ ನೋಟ್‌ಬುಕ್ಕಿಗೆ ‘ಡ್ಯಾಡ್ಸ್ ಬ್ರೇನ್’ ಅಂತ ಹೆಸರಿಟ್ಟಳು. ನಾವು ಮೂವರೂ ನಕ್ಕೆವು. ನಾನೂ ನಕ್ಕೆ.

ಯಾಕೆ ಹೇಳಲಿಲ್ಲ? ಬೆಳಗ್ಗಿನ ಜಗಳದ ಸಿಟ್ಟಿಗೆ ಬೇಕೆಂದೇ ಬಿಟ್ಟೆ ಅಂದುಕೊಳ್ಳುತ್ತೀರಿ ಅನ್ನುವ ಭಯ ಮೊದಲ ದಿನ ಇತ್ತು. ಎರಡನೆಯ ದಿನ ಅದೂ ಇರಲಿಲ್ಲ. ಆಮೇಲಿನದನ್ನು ಭಯ ಅನ್ನಲಾರೆ. ‘ಪದ್ದು, ಸ್ಟವ್ ಆರಿಸಿದ್ನಾ?’ ‘ಪದ್ದು, ಗ್ಯಾರೇಜ್ ಬಾಗ್ಲು ಹಾಕಿದ್ನಾ?’ — ದಿನಾ ನನ್ನನ್ನೇ ಕೇಳುತ್ತಿದ್ದಿರಿ. ಜಗಳದಲ್ಲಿ ಯಾವಾಗಲೂ ಗೆಲ್ಲುತ್ತಿದ್ದ ನೀವು ‘ನೀನು ಹೇಳಿದ್ರೆ ಸರಿ ಇರುತ್ತೆ ಬಿಡು’ ಅನ್ನತೊಡಗಿದಿರಿ. ಅದು ನನಗೆ ಇಷ್ಟವಾಗಿತ್ತು. ಈ ಕಾಗದದಲ್ಲಿ ಬರೆಯಲು ಅತ್ಯಂತ ಕಷ್ಟವಾದ ವಾಕ್ಯ ಇದು. ಬರೆದಾಯಿತು.

ಹೋದ ಮಂಗಳವಾರ ನೀವಾಗಿಯೇ ಡಾಕ್ಟರ ಹತ್ತಿರ ನೆನಪಿನ ಪರೀಕ್ಷೆ ಮಾಡಿಸಿಕೊಂಡಿರಿ. ಅರವತ್ತಕ್ಕೆ ಹತ್ತಿರವಾಯಿತು, ಅಪ್ಪನಿಗೆ ಶುರುವಾದದ್ದೂ ಈ ವಯಸ್ಸಿಗೇ ಅಂದಿರಿ. ಡಾಕ್ಟರು ನಗುತ್ತಾ, ಈ ಮನುಷ್ಯನ ನೆನಪು ನನ್ನದಕ್ಕಿಂತ ಚೆನ್ನಾಗಿದೆ ಅಂದರು. ನಾನು ಸಿಹಿ ಮಾಡುತ್ತೇನೆ ಅಂದೆ. ನೀವು ಕಾರಿನಲ್ಲಿ ಕೂತು, ಬೀಗದ ಕೈ ತಿರುಗಿಸದೆ, ಮುಂದಿನ ಗಾಜು ನೋಡುತ್ತಾ ಕೇಳಿದಿರಿ:

“ಹಾಗಾದ್ರೆ ಅವತ್ತು ಟೋಕಿಯೋದಲ್ಲಿ ಏನಾಯ್ತು, ಪದ್ದು?”

ಅನುಮಾನದಿಂದ ಕೇಳಿದ್ದಲ್ಲ ಅದು. ನಿಮಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಎಂಟು ವರ್ಷದಿಂದ ಬಿಡಿಸಲಾಗದ ಲೆಕ್ಕವನ್ನು ಪಕ್ಕದಲ್ಲಿದ್ದವಳ ಮುಂದೆ ಇಟ್ಟಿರಿ.

“ಹಳೇದೆಲ್ಲಾ ಈಗ್ಯಾಕೆ, ಬಿಡಿ,” ಅಂದೆ.

ಮೊದಲನೆಯ ಸುಳ್ಳು ಗಾಬರಿಯಲ್ಲಿ ಬಂತು ಅನ್ನಬಹುದೇನೋ. ಇದಕ್ಕೆ ಹಾಗೂ ಹೇಳುವಂತಿಲ್ಲ. ಬಿಸಿಲಿತ್ತು, ಕಾರ್ ಪಾರ್ಕಿನಲ್ಲಿ ಯಾರೂ ಇರಲಿಲ್ಲ, ಎಷ್ಟು ಹೊತ್ತು ಬೇಕಾದರೂ ಇತ್ತು.

ಇವತ್ತು ಬೆಳಗ್ಗೆ ನಿಮ್ಮ ಶೂ ಡಬ್ಬಿ ತೆಗೆದೆ. ಹನ್ನೊಂದು ನೋಟ್‌ಬುಕ್ಕು. ತಳದಲ್ಲಿ ಟೋಕಿಯೋದ್ದು. ಅದರ ಮೊದಲನೆಯ ಪುಟದಲ್ಲಿ ನಿಮ್ಮ ದುಂಡಗಿನ ಅಕ್ಷರದಲ್ಲಿ ಇಷ್ಟೇ ಇದೆ: ‘ಚೀಲ ಊಟದ ಅಂಗಡಿಯಲ್ಲಿ ಬಿಟ್ಟೆ. ತೊಡೆ ಮೇಲಿತ್ತು ಅನ್ನಿಸಿದ್ದು ಸುಳ್ಳು. ಪದ್ದು ನೋಡಿದ್ದಾಳೆ.’

ನೀವು ನಿಮ್ಮನ್ನು ನಂಬುವುದಿಲ್ಲ, ಆ ಪುಸ್ತಕವನ್ನು ನಂಬುತ್ತೀರಿ. ಅದಕ್ಕೇ ಆ ಮೂರು ಸಾಲಿಗೂ ಅಡ್ಡಗೆರೆ ಎಳೆದಿದ್ದೇನೆ. ಕೆಳಗೆ ನನ್ನ ಅಕ್ಷರದಲ್ಲಿ ಬರೆದಿದ್ದೇನೆ: ‘ಚೀಲ ತೊಡೆಯ ಮೇಲೇ ಇತ್ತು. ನಿಮ್ಮ ನೆನಪು ಸರಿ. ಎತ್ತಿಟ್ಟು ಮರೆತವಳು ಪದ್ದು. ಸುಳ್ಳು ಹೇಳಿದವಳೂ ಪದ್ದು.’ ಪುಟ ತೆರೆದು ಊಟದ ಮೇಜಿನ ಮೇಲಿಟ್ಟಿದ್ದೇನೆ, ಈ ಕಾಗದ ಅದರ ಪಕ್ಕಕ್ಕೆ. ನೀವು ಓದುವಾಗ ನಾನು ಎದುರಿಗೇ ಕೂತಿರುತ್ತೇನೆ. ಓದಿದ ಮೇಲೆ ಏನು ಮಾಡುತ್ತೀರೋ ಅದು ನಿಮ್ಮದು.

ಕುಕ್ಕರ್ ಮೂರನೆಯ ಸಲ ಕೂಗಿ ಎಷ್ಟೋ ಹೊತ್ತಾಯಿತು. ಆರಿಸಿ ಬಂದೆ.

ನಾಲ್ಕು ಗಂಟೆಗೆ ಬರುತ್ತೀರಿ. ಶೂ ಬಿಚ್ಚಿ, ಕೈ ತೊಳೆದು, ದಿನದ ಹಾಗೆ ಕೇಳುತ್ತೀರಿ, ಗ್ಯಾರೇಜ್ ಬಾಗಿಲು ಹಾಕಿದೆನಾ ಅಂತ. ನಾನು ಎದ್ದು ನೋಡಿ ಬರುವುದಿಲ್ಲ. ನೀವು ಹಾಕಿರುತ್ತೀರಿ. ಈ ಎಂಟು ವರ್ಷದಲ್ಲಿ ನಾನು ಹೋಗಿ ನೋಡಿದಾಗ ಒಂದು ದಿನವೂ ಅದು ತೆರೆದಿರಲಿಲ್ಲ.