ತಲೆಯಾಡಿಸಿದರೆ ಒಪ್ಪಿಗೆಯೇ?

2016ರ ಬೇಸಿಗೆ. ವೈಟ್‌ಫೀಲ್ಡ್ ಆಚೆಯ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ನಾನು ಸರ್ಜರಿ ಪ್ರಾಧ್ಯಾಪಕಿಯಾಗಿದ್ದೆ. ಅಂತಿಮ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿವರ್ಷ ಪರೀಕ್ಷಕಿಯಾಗಿ ಕೂರುತ್ತಿದ್ದೆ. ಆ ಕುರ್ಚಿಯ ಮೇಲೆ ನನಗೆ ಸ್ವಲ್ಪ ಹೆಚ್ಚೇ ಮೋಹವಿತ್ತು.

ಆ ವರ್ಷ ‘ಆಸ್ಕಿ’ ಪದ್ಧತಿ ಬಂತು. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ, ರೋಗಿಯನ್ನು ಮಾತಾಡಿಸುವುದು, ಮುಟ್ಟಿ ನೋಡುವುದು ಹೀಗೆ ಒಂದೊಂದು ಕೌಶಲವನ್ನು ಕೆಲವೇ ನಿಮಿಷಗಳಲ್ಲಿ ತೋರಿಸಬೇಕು. ಎಲ್ಲ ಪರೀಕ್ಷಕರೂ ಒಂದೇ ಅಳತೆಯಲ್ಲಿ ಅಂಕ ಕೊಡಲಿ ಎಂದು ನಮಗೂ ಆನ್‌ಲೈನ್ ತರಬೇತಿ ಇಟ್ಟರು. ವಿಡಿಯೊ ನೋಡಿ ನಾವು ಹಾಕಿದ ಅಂಕ ಕಂಪ್ಯೂಟರಿನ ಅಂಕಕ್ಕೆ ಹೊಂದಿದರೆ ಪಾಸು. ಫೇಲಾದವರು ಪರೀಕ್ಷಕರಾಗುವಂತಿಲ್ಲ. ಇಷ್ಟರವರೆಗೆ ನನ್ನ ತಕರಾರೇನೂ ಇರಲಿಲ್ಲ.

ತಕರಾರು ಶುರುವಾದದ್ದು ಹೊಟ್ಟೆ ಪರೀಕ್ಷೆಯ ವಿಡಿಯೊದಿಂದ. ನಮ್ಮ ವಾರ್ಡಿನಲ್ಲೇ ತೆಗೆದದ್ದು. ಮಂಚದ ಮೇಲಿದ್ದವಳು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಯಲ್ಲಿದ್ದ ಹೆಣ್ಣುಮಗಳು. ವಿದ್ಯಾರ್ಥಿ ಸೊಗಸಾದ ಇಂಗ್ಲಿಷಿನಲ್ಲಿ, ಹೊಟ್ಟೆ ಒತ್ತಿ ನೋಡಬಹುದೇ ಎಂದು ಕೇಳುತ್ತಾನೆ. ಆಕೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೇ ತಲೆಯಾಡಿಸುತ್ತಾಳೆ. ಬಿಳಿ ಕೋಟು ಕಂಡರೆ ಯಾವ ಪ್ರಶ್ನೆಗಾದರೂ ಹಾಗೆ ತಲೆಯಾಡಿಸುವವರನ್ನು ನಾನು ದಿನವೂ ನೋಡುತ್ತಿದ್ದೆ. ‘ರೋಗಿಯ ಒಪ್ಪಿಗೆ ಪಡೆದನೇ?’ ಎಂಬಲ್ಲಿ ಸೊನ್ನೆ ಹಾಕಿದೆ.

ಕಂಪ್ಯೂಟರ್ ಪೂರ್ತಿ ಅಂಕ ಎಂದಿತು. ಅದು ಕಡ್ಡಾಯ ಅಂಶವಾದ್ದರಿಂದ ಇಡೀ ತರಬೇತಿಯಲ್ಲೇ ನಾನು ಫೇಲು. ಮತ್ತೆ ಕೂತೆ, ಮತ್ತೆ ಸೊನ್ನೆ ಹಾಕಿದೆ, ಮತ್ತೆ ಫೇಲಾದೆ.

ಮೂಳೆ ವಿಭಾಗದ ಮಲ್ಲಿಕಾರ್ಜುನ್, ದಾವಣಗೆರೆಯವರು, ನನ್ನ ಹಳೆಯ ಸ್ನೇಹಿತರು, ಕ್ಯಾಂಟೀನಿನಲ್ಲಿ ಮೊಬೈಲ್ ಮುಂದೆ ಹಿಡಿದರು. ಉತ್ತರಗಳೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದ್ದವು. ಕಾಪಿ ಹೊಡೆದ ಹುಡುಗರನ್ನು ಪರೀಕ್ಷಾ ಕೊಠಡಿಯಿಂದ ಹೊರಗೆ ಕಳಿಸುವ ಪರೀಕ್ಷಕರೆಲ್ಲ ಹೀಗೇ ಪಾಸಾಗಿದ್ದರು.

“ಅಲ್ರೀ ಮೇಡಂ, ಅದೇನ್ ಕೇಳ್ತದೋ ಅದನ್ನ ಒತ್ತಿ ಕೈ ತೊಳ್ಕೊಳ್ರಿ. ನಿಮ್ದೇನ್ ಹೋಗ್ತದ?”

“ನನ್ದೇನೂ ಹೋಗಲ್ಲ, ಆ ಹೆಂಗಸಿಂದು ಹೋಗುತ್ತೆ,” ಎಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಪ್ರಿನ್ಸಿಪಾಲರು ಕರೆಸಿದರು. “ಶುಕ್ರವಾರದೊಳಗೆ ಪಾಸಾಗ್ದಿದ್ರೆ ನಿಮ್ಮ ಹೆಸ್ರು ಯೂನಿವರ್ಸಿಟಿಗೆ ಕಳ್ಸೋಕಾಗಲ್ಲ ಮೇಡಂ.” ತರಬೇತಿ ರೂಪಿಸಿದ ಕಂಪನಿಯ ಯುವಕನೂ ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಉತ್ತರ ಭಾರತದವನು, ಬೆಂಗಳೂರಿಗೆ ಹೊಸಬ. ರೋಗಿ ತಲೆಯಾಡಿಸಿದ್ದಾಳೆ, ಆದ್ದರಿಂದ ಒಪ್ಪಿಗೆ ಇದೆ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ವಿವರಿಸಿದ.

ನಾನು ಎದ್ದು ಅವನ ಪಕ್ಕ ಹೋಗಿ, ಅಷ್ಟೇ ವಿನಯದಿಂದ ಕನ್ನಡದಲ್ಲಿ ಕೇಳಿದೆ: “ನಿಮ್ಮ ಹೊಟ್ಟೆ ಒತ್ತಿ ನೋಡ್ತೀನಿ, ಸ್ವಲ್ಪ ನೋವಾಗ್ಬೋದು. ಪರವಾಗಿಲ್ವಾ?”

ಒಂದಕ್ಷರವೂ ತಿಳಿಯದೆ ಅವನು ನಗುತ್ತಾ ತಲೆಯಾಡಿಸಿದ. ಬಲಪಕ್ಕೆಯ ಕೆಳಗೆ ನಾಲ್ಕು ಬೆರಳು ಊರಿದೆ. ಕುರ್ಚಿ ಸಮೇತ ಹಿಂದಕ್ಕೆ ಹಾರಿದ.

“ಒಪ್ಪಿಗೆ ಪಡೆದೇ ಮುಟ್ಟಿದ್ದು. ನಿಮ್ಮ ಲೆಕ್ಕದಲ್ಲಿ ನನಗೆ ಪೂರ್ತಿ ಅಂಕ,” ಎಂದು ಈ ಸಲ ಇಂಗ್ಲಿಷಿನಲ್ಲೇ ಹೇಳಿದೆ.

ಪ್ರಿನ್ಸಿಪಾಲರು ನಗು ತಡೆದುಕೊಂಡರು, ಆದರೆ ವಿಡಿಯೊದ ಅಂಕ ಬದಲಾಗಲಿಲ್ಲ. ಈಗ ತಿದ್ದಿದರೆ ಪಾಸಾದವರೆಲ್ಲ ಮತ್ತೆ ಕೂರಬೇಕಾಗುತ್ತದಂತೆ. ಶುಕ್ರವಾರ ಕೊನೆಯ ಸಲ ಕೂತೆ. ಪೂರ್ತಿ ಅಂಕದ ಗುಂಡಿ ಬೆರಳಿನ ಕೆಳಗೇ ಇತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಸೊನ್ನೆಯನ್ನೇ ಒತ್ತಿ ಎದ್ದುಬಂದೆ. ಆ ವರ್ಷ ಪರೀಕ್ಷಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಹುಡುಗರನ್ನು ವಾರ್ಡಿಗೆ ಕರೆದೊಯ್ದು ಒಂದೇ ಪಾಠ ಹೇಳಿದೆ. ರೋಗಿಗೆ ತಿಳಿಯುವ ಮಾತಿನಲ್ಲಿ ಕೇಳಿ, ಅವರು ಬಾಯಿಬಿಟ್ಟು ಹೇಳುವವರೆಗೆ ಕೈ ಕೋಟಿನ ಜೇಬಿನಲ್ಲಿರಲಿ.

ಪರೀಕ್ಷೆ ಮುಗಿಸಿ ಮಲ್ಲಿಕಾರ್ಜುನ್ ನೇರ ನನ್ನ ಕೋಣೆಗೆ ಬಂದರು. “ನಿಮ್ಮ ಶಿಷ್ಯ ಒಬ್ಬ ಕೈ ಜೇಬಿನ್ಯಾಗ ಇಟ್ಕೊಂಡು ಸುಮ್ನ ನಿಂತಿದ್ದ ನೋಡ್ರಿ. ಟೈಮ್ ಹೋಗ್ತದಲ್ಲೋ ಅಂದ್ರ, ‘ಅಮ್ಮ ಇನ್ನೂ ಹೂಂ ಅಂದಿಲ್ಲ ಸಾರ್’ ಅಂದ.”

“ಒಪ್ಪಿಗೆಗೆ ಎಷ್ಟು ಕೊಟ್ರಿ?”

“ಪೂರ್ತಿ ಕೊಟ್ಟೆ. ಅವನ ಹಿಂದೆ ಬಂದವ ಅಮ್ಮ ಬರೇ ತಲೆಯಾಡಿಸಿದ್ದಕ್ಕ ಕೈ ಹಾಕ್ದ, ಅವಂಗ ಸೊನ್ನೆ.”

ಅಳತೆ ಒಂದೇ ಇರಬೇಕು, ನಿಜ. ಆದರೆ ಅಳತೆಗೋಲೇ ಡೊಂಕಾಗಿದ್ದರೆ ಹಾಗೆಂದು ಹೇಳುವುದೂ ಪರೀಕ್ಷಕರ ಕೆಲಸ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಆ ತರಬೇತಿಯನ್ನು ನಾನು ಇವತ್ತಿಗೂ ಪಾಸು ಮಾಡಿಲ್ಲ. ಮತ್ತೆ ಕೂರಿಸಿದರೂ ಸೊನ್ನೆಯೇ ಹಾಕುತ್ತೇನೆ.